ಮನೆಮಂದಿಗೆ ಕಾಯಿಲೆ ಬಂದಾಗ: ಭಾರವನ್ನು ಒಬ್ಬರ ತಲೆಯಿಂದ ಇಳಿಸುವ ಬಗೆ

ಮನೆಯಲ್ಲೊಬ್ಬರು ಕಾಯಿಲೆ ಬಿದ್ದರೆ ಉಳಿದವರ ದಿನಚರಿಯೇನೂ ನಿಂತು ಕಾಯುವುದಿಲ್ಲ. ಮಕ್ಕಳ ಪರೀಕ್ಷೆ ಅದರ ದಿನಕ್ಕೇ ಬರುತ್ತದೆ, ಕಚೇರಿಯ ಕೆಲಸ ಬೆಳೆಯುತ್ತಲೇ ಇರುತ್ತದೆ, ಒಗೆಯುವ ಬಟ್ಟೆ ರಾಶಿ ಬೀಳುತ್ತದೆ. ಇವೆಲ್ಲದರ ನಡುವೆ ಆಸ್ಪತ್ರೆಯ ಓಡಾಟ, ಮಾತ್ರೆಯ ಹೊತ್ತು, ರಕ್ತಪರೀಕ್ಷೆಯ ರಿಪೋರ್ಟು, ವಿಚಾರಿಸುವವರ ಫೋನು. ಓಡಾಟ ಮೈಯನ್ನು ದಣಿಸುತ್ತದೆ, ನಿಜ. ಆದರೆ ನೋಡಿಕೊಳ್ಳುವವರನ್ನು ಹೆಚ್ಚು ಹೈರಾಣ ಮಾಡುವುದು, ಎಲ್ಲವನ್ನೂ ನೆನಪಿಟ್ಟುಕೊಂಡಿರುವವರು ಮನೆಯಲ್ಲಿ ತಾವೊಬ್ಬರೇ ಎಂಬ ಸ್ಥಿತಿ. ಯಾವ ಮಾತ್ರೆ ಮುಗಿಯುತ್ತಾ ಬಂತು, ಮುಂದಿನ ಭೇಟಿ ಯಾವತ್ತು, ಅಪ್ಪನಿಗೆ ಯಾವ ಇಂಜೆಕ್ಷನ್ ಒಗ್ಗುವುದಿಲ್ಲ, ಮಗಳ ಶಾಲೆಯ ಸಭೆ ಎಷ್ಟು ಗಂಟೆಗೆ ಎನ್ನುವುದೆಲ್ಲ ಒಂದೇ ತಲೆಯೊಳಗೆ ಸುತ್ತುತ್ತಿದ್ದರೆ ಕೈಗೆ ಬಿಡುವು ಸಿಕ್ಕರೂ ಮನಸ್ಸಿಗೆ ಸಿಗುವುದಿಲ್ಲ. ಅವರಿಗೇ ಒಂದು ದಿನ ಜ್ವರ ಬಂದರೆ ಇಡೀ ಮನೆ ಕಕ್ಕಾಬಿಕ್ಕಿ.

ಆದ್ದರಿಂದ ಇಲ್ಲಿ ಹೇಳುವ ಹೆಜ್ಜೆಗಳೆಲ್ಲ ಒಂದೇ ದಿಕ್ಕಿನವು. ಆರೈಕೆಯ ವಿವರ ಒಬ್ಬರ ತಲೆಯಿಂದ ಕಾಗದಕ್ಕೆ ಇಳಿಯಬೇಕು, ಕಾಗದದಿಂದ ಹಲವರ ಕೈಗೆ ಹೋಗಬೇಕು.

ಹೆಜ್ಜೆ 1: ಕಾಯಿಲೆಯ ನಡೆ ಎಂಥದ್ದು ಎಂದು ಕೇಳಿ ತಿಳಿದುಕೊಳ್ಳಿ

ರೋಗದ ಹೆಸರು ತಿಳಿದ ಮಾತ್ರಕ್ಕೆ ಮನೆಯ ಯೋಜನೆ ಆಗುವುದಿಲ್ಲ. ಅದು ಹೇಗೆ ಸಾಗುತ್ತದೆ ಎಂಬುದು ಗೊತ್ತಾಗಬೇಕು. ಮೂಳೆ ಮುರಿತ, ಶಸ್ತ್ರಚಿಕಿತ್ಸೆಯಂಥವು ಕೆಲವು ವಾರ ಕಷ್ಟ ಕೊಟ್ಟು ಸುಧಾರಿಸುತ್ತವೆ. ಸಕ್ಕರೆ ಕಾಯಿಲೆ, ರಕ್ತದೊತ್ತಡ ಜೀವನಪೂರ್ತಿ ಜೊತೆಗಿರುತ್ತವೆ, ಶಿಸ್ತು ತಪ್ಪದಿದ್ದರೆ ಹೆಚ್ಚು ಕಾಡುವುದಿಲ್ಲ. ಆಸ್ತಮಾ, ಹೃದಯದ ದುರ್ಬಲತೆ, ಕೆಲವು ಮಾನಸಿಕ ಕಾಯಿಲೆಗಳು ಏರಿಳಿಯುತ್ತವೆ. ಮರೆವಿನ ಕಾಯಿಲೆ, ಪಾರ್ಕಿನ್ಸನ್ ಕಾಯಿಲೆಗಳಲ್ಲಿ ಇಳಿಮುಖವೇ ಹೆಚ್ಚು, ಅದೂ ವರ್ಷಗಟ್ಟಲೆ.

ಇದು ಯಾಕೆ ಮುಖ್ಯವೆಂದರೆ, ಆರು ವಾರದ ಕಷ್ಟವನ್ನು ರಜೆ ಹಾಕಿ, ನಿದ್ದೆಗೆಟ್ಟು, ಹೇಗೋ ದಾಟಿಬಿಡಬಹುದು. ಆರು ವರ್ಷದ್ದನ್ನು ಹಾಗೆ ದಾಟಲಾಗದು. ದೀರ್ಘ ಕಾಯಿಲೆಯನ್ನೂ ತುರ್ತುಸ್ಥಿತಿಯ ಹಾಗೆಯೇ ನಿಭಾಯಿಸಲು ಹೊರಡುವುದರಿಂದಲೇ ಎಷ್ಟೋ ಮನೆಗಳು ಮೊದಲ ವರ್ಷದಲ್ಲೇ ಸೋತು ಸುಣ್ಣವಾಗುತ್ತವೆ. ಡಾಕ್ಟರ ಬಳಿ ಮೂರು ಪ್ರಶ್ನೆ ನೇರವಾಗಿ ಕೇಳಿ: ಮುಂದಿನ ಕೆಲವು ತಿಂಗಳು ಹೇಗಿರಬಹುದು? ಯಾವ ಲಕ್ಷಣ ಕಂಡರೆ ತಡಮಾಡದೆ ಬರಬೇಕು? ಯಾವುದಕ್ಕೆ ಗಾಬರಿ ಬೇಡ? ಮೂರನೆಯದನ್ನು ಬಹಳ ಜನ ಕೇಳುವುದೇ ಇಲ್ಲ. ಅದರ ಉತ್ತರ ಗೊತ್ತಿದ್ದರೆ ಎಷ್ಟೋ ರಾತ್ರಿಯ ನಿದ್ದೆ ಉಳಿಯುತ್ತದೆ.

ಹೆಜ್ಜೆ 2: ಒಂದು ಪುಸ್ತಕ ಮಾಡಿ, ಅದರಲ್ಲಿ ಔಷಧಿಗೆ ಮೊದಲ ಪುಟ

ಸಾದಾ ನೋಟ್‌ಬುಕ್ ಸಾಕು. ಫೋನಿನಲ್ಲಿ ಬರೆದರೂ ಆಗುತ್ತದೆ, ಆದರೆ ನಿಮ್ಮ ಫೋನಿನ ಬೀಗ ತೆರೆಯಲು ನೀವೇ ಬೇಕು. ಪುಸ್ತಕವನ್ನು ಯಾರು ಬೇಕಾದರೂ ತೆಗೆದುಕೊಂಡು ಆಸ್ಪತ್ರೆಗೆ ಓಡಬಹುದು. ಬರೆದ ಪುಟಗಳ ಫೋಟೊ ತೆಗೆದು ಮನೆಯ ಇಬ್ಬರು ಮೂವರಿಗೆ ಕಳಿಸಿಡಿ.

ಮೊದಲ ಪುಟದಲ್ಲಿ ರೋಗಿಯ ಹೆಸರು, ವಯಸ್ಸು, ರಕ್ತದ ಗುಂಪು, ಇರುವ ಕಾಯಿಲೆಗಳು, ಆದ ಆಪರೇಷನ್‌ಗಳು, ಒಗ್ಗದ ಔಷಧಿಗಳು, ಡಾಕ್ಟರ ನಂಬರು. ಅದರ ಕೆಳಗೆ ಈಗ ತೆಗೆದುಕೊಳ್ಳುತ್ತಿರುವ ಎಲ್ಲ ಔಷಧಿ: ಹೆಸರು, ಎಷ್ಟು ಮಿಲಿಗ್ರಾಂ, ಯಾವ ಹೊತ್ತು, ಊಟಕ್ಕೆ ಮೊದಲೋ ನಂತರವೋ, ಯಾವ ತೊಂದರೆಗೆ, ಯಾರು ಬರೆದುಕೊಟ್ಟರು. ‘ಯಾವ ತೊಂದರೆಗೆ’ ಎಂಬ ಕಾಲಂ ಬಿಡಬೇಡಿ. ಎಂದೋ ಹತ್ತು ದಿನಕ್ಕೆಂದು ಬರೆದ ಮಾತ್ರೆ, ನಿಲ್ಲಿಸಿ ಎಂದು ಯಾರೂ ಹೇಳದ್ದರಿಂದ ವರ್ಷಗಟ್ಟಲೆ ನಡೆದುಬಂದಿರುವುದು ಈ ಕಾಲಂ ತುಂಬುವಾಗಲೇ ಬೆಳಕಿಗೆ ಬರುತ್ತದೆ.

ಔಷಧಿಯ ವಿಷಯದಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲಬೇಕು, ಏಕೆಂದರೆ ತಡೆಯಬಹುದಾದ ಹಾನಿ ಬಹಳಷ್ಟು ಆಗುವುದು ಇಲ್ಲೇ. ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಔಷಧಿಯಿಂದಾಗುವ ಹಾನಿಯನ್ನು ತಡೆಯಲೆಂದೇ ಜಾಗತಿಕ ಅಭಿಯಾನ ಶುರು ಮಾಡಿತು. ಅದು ಹೆಚ್ಚು ಗಮನ ಬೇಕೆಂದು ಗುರುತಿಸಿದ್ದರಲ್ಲಿ ಎರಡು ಸಂದರ್ಭಗಳು ಮನೆಯವರಿಗೆ ನೇರ ಸಂಬಂಧಿಸಿದವು. ಒಂದು, ಒಬ್ಬರೇ ಹಲವು ಔಷಧಿ ಸೇವಿಸುವುದು. ಇನ್ನೊಂದು, ರೋಗಿ ಒಂದು ಕಡೆಯಿಂದ ಇನ್ನೊಂದು ಕಡೆಗೆ, ಅಂದರೆ ಆಸ್ಪತ್ರೆಯಿಂದ ಮನೆಗೆ ಅಥವಾ ಒಬ್ಬ ಡಾಕ್ಟರಿಂದ ಇನ್ನೊಬ್ಬರಿಗೆ ದಾಟುವ ಗಳಿಗೆ. ಡಿಸ್ಚಾರ್ಜ್ ಆದ ದಿನ ಎಲ್ಲರಿಗೂ ಮನೆ ಸೇರುವ ಆತುರ. ಆ ದಿನವೇ ಹೊಸ ಚೀಟಿಯನ್ನೂ ಹಳೆಯ ಪಟ್ಟಿಯನ್ನೂ ಪಕ್ಕಪಕ್ಕ ಇಟ್ಟುಕೊಂಡು, ಯಾವುದು ಮುಂದುವರಿಯುತ್ತದೆ, ಯಾವುದು ನಿಂತಿತು, ಯಾವುದರ ಪ್ರಮಾಣ ಬದಲಾಯಿತು ಎಂದು ಒಂದೊಂದನ್ನೂ ಕೇಳಿ ಗುರುತು ಹಾಕಿ. ನಿಂತ ಮಾತ್ರೆಯನ್ನು ಮನೆಗೆ ಬಂದ ತಕ್ಷಣ ಡಬ್ಬಿಯಿಂದ ತೆಗೆದುಬಿಡಿ.

ಒಂದೇ ಔಷಧಿ ಬೇರೆ ಬೇರೆ ಕಂಪನಿಯ ಹೆಸರಿನಲ್ಲಿ ಬರುತ್ತದೆ. ಇಬ್ಬರು ಡಾಕ್ಟರು ಎರಡು ಹೆಸರಿನಲ್ಲಿ ಬರೆದದ್ದು ಒಂದೇ ಮಾತ್ರೆಯಾಗಿದ್ದು, ರೋಗಿ ಎರಡನ್ನೂ ನುಂಗುತ್ತಿರುವುದು ಅಪರೂಪವಲ್ಲ. ಹೆಸರಿನ ಕೆಳಗೆ ಸಣ್ಣಕ್ಷರದಲ್ಲಿ ಅಚ್ಚಾಗಿರುವ ಮೂಲ ಔಷಧಿಯ ಹೆಸರನ್ನೇ ಪಟ್ಟಿಯಲ್ಲಿ ಬರೆಯಿರಿ. ನೆಗಡಿಗೆಂದು ಕೊಳ್ಳುವ ಎಷ್ಟೋ ಮಾತ್ರೆಗಳಲ್ಲಿ ಪ್ಯಾರಾಸಿಟಮಾಲ್ ಇರುತ್ತದೆ. ಜ್ವರಕ್ಕೆ ಬೇರೆಯಾಗಿ ಅದನ್ನೇ ಕೊಟ್ಟರೆ ಲೆಕ್ಕ ಮೀರುತ್ತದೆ. ಆರೋಗ್ಯವಂತ ವಯಸ್ಕರಿಗೂ ದಿನಕ್ಕೆ 4 ಗ್ರಾಂ ಅದರ ಗರಿಷ್ಠ ಮಿತಿ. ಯಕೃತ್ತಿನ ತೊಂದರೆ ಇರುವವರಿಗೆ, ತೀರಾ ಬಡಕಲಾದವರಿಗೆ ಇನ್ನೂ ಕಡಿಮೆ. ರಕ್ತ ತೆಳುವಾಗಿಸುವ ಔಷಧಿ ತೆಗೆದುಕೊಳ್ಳುವವರಿಗೆ, ಮೂತ್ರಪಿಂಡ ದುರ್ಬಲವಾಗಿರುವವರಿಗೆ ಐಬುಪ್ರೊಫೇನ್‌ನಂಥ ನೋವಿನ ಮಾತ್ರೆಯನ್ನು ಅಂಗಡಿಯಿಂದ ತಂದು ಕೊಡಬೇಡಿ. ನುಂಗಲು ಕಷ್ಟವೆಂದು ಮಾತ್ರೆಯನ್ನು ಪುಡಿ ಮಾಡುವ ಮೊದಲೂ ಕೇಳಬೇಕು. ನಿಧಾನವಾಗಿ ಕರಗಲೆಂದೇ ಮಾಡಿದ ಮಾತ್ರೆಯನ್ನು ಪುಡಿ ಮಾಡಿದರೆ ಇಡೀ ದಿನದ ಔಷಧಿ ಒಮ್ಮೆಲೇ ಮೈಗೇರುತ್ತದೆ. ಒಂದು ಹೊತ್ತಿನದು ತಪ್ಪಿಹೋಯಿತೆಂದು ಮುಂದಿನ ಹೊತ್ತಿಗೆ ಎರಡು ಕೊಡುವುದೂ ಬೇಡ.

ವಾರಕ್ಕೊಮ್ಮೆ, ಮನೆ ಶಾಂತವಾಗಿರುವ ಹೊತ್ತಿನಲ್ಲಿ, ದಿನದ ಹೆಸರಿರುವ ಮಾತ್ರೆ ಡಬ್ಬಿ ತುಂಬಿಸಿಡಿ. ಕೊಟ್ಟೆನೋ ಇಲ್ಲವೋ ಎಂಬ ಅನುಮಾನ ಬಂದಾಗ ಡಬ್ಬಿಯ ಆ ಮನೆ ಖಾಲಿಯಾಗಿದೆಯೇ ನೋಡಿದರಾಯಿತು.

ಹೆಜ್ಜೆ 3: ಡಾಕ್ಟರ ಭೇಟಿಗೆ ಬರೆದುಕೊಂಡೇ ಹೋಗಿ

ವೈದ್ಯರು ಹೇಳಿದ್ದರಲ್ಲಿ ರೋಗಿಗಳು 40ರಿಂದ 80 ಶೇಕಡದಷ್ಟನ್ನು ಕೂಡಲೇ ಮರೆಯುತ್ತಾರೆ ಎಂದು 2003ರಲ್ಲಿ ಡಚ್ ಸಂಶೋಧಕ ರಾಯ್ ಕೆಸೆಲ್ಸ್ ಬರೆದಿದ್ದರು. ನೆನಪಿನಲ್ಲಿ ಉಳಿದದ್ದರಲ್ಲೂ ಸುಮಾರು ಅರ್ಧದಷ್ಟು ತಪ್ಪಾಗಿ ಉಳಿದಿರುತ್ತದೆಯಂತೆ. ಗಾಬರಿಯಲ್ಲಿರುವವರಿಗೆ ಹೀಗಾಗುವುದು ಸಹಜ. ನೆನಪಿನ ಶಕ್ತಿಯನ್ನು ದೂರಬೇಡಿ, ಪೆನ್ನು ಹಿಡಿಯಿರಿ.

ಹೋಗುವ ಮೊದಲು ಅತಿಮುಖ್ಯವಾದ ಮೂರು ಪ್ರಶ್ನೆ ಬರೆದುಕೊಂಡು ಅವನ್ನು ಮೊದಲೇ ಕೇಳಿ. ‘ಇನ್ನೊಂದು ಮಾತು ಡಾಕ್ಟ್ರೇ’ ಎಂದು ಎದ್ದು ಹೊರಡುವಾಗ ಕೇಳಿದ ಪ್ರಶ್ನೆಗೆ ಅವಸರದ ಉತ್ತರವೇ ಸಿಗುವುದು. ಲಕ್ಷಣ ಹೇಳುವಾಗ ‘ಸುಸ್ತು ಜಾಸ್ತಿ’ ಎನ್ನುವುದಕ್ಕಿಂತ ‘ಹೋದ ತಿಂಗಳು ಮೆಟ್ಟಿಲು ಹತ್ತುತ್ತಿದ್ದರು, ಈಗ ಬಚ್ಚಲಿಗೆ ಹೋಗಿ ಬಂದರೂ ಕೂರುತ್ತಾರೆ’ ಎಂದರೆ ಡಾಕ್ಟರಿಗೆ ಚಿತ್ರ ಸಿಗುತ್ತದೆ. ಕೊನೆಯಲ್ಲಿ ‘ನಾನು ಅರ್ಥ ಮಾಡಿಕೊಂಡದ್ದು ಹೀಗೆ, ಸರಿಯೇ?’ ಎಂದು ನಿಮ್ಮ ಮಾತಿನಲ್ಲಿ ತಿರುಗಿ ಹೇಳಿ. ತಪ್ಪು ತಿಳಿವಳಿಕೆ ಅಲ್ಲೇ ತಿದ್ದಿಕೊಳ್ಳುತ್ತದೆ. ಡಾಕ್ಟರು ಹೇಳಿದ್ದನ್ನು ಅದೇ ಪುಸ್ತಕದಲ್ಲಿ ತಾರೀಖಿನೊಂದಿಗೆ ಬರೆದರೆ ಮುಂದಿನ ಸಲ ಯಾರು ಜೊತೆಗೆ ಹೋದರೂ ಕಥೆ ಮೊದಲಿನಿಂದ ಹೇಳಬೇಕಿಲ್ಲ.

ಹೆಜ್ಜೆ 4: ಕಾಯಿಲೆಯವರನ್ನೇ ಕೇಳಿ

ಎಲ್ಲರೂ ಅವರ ಬಗ್ಗೆ ಮಾತಾಡುತ್ತಾರೆ, ಅವರ ಜೊತೆ ಮಾತಾಡುವವರು ಕಡಿಮೆಯಾಗುತ್ತಾ ಹೋಗುತ್ತಾರೆ. ‘ಅತ್ತೆ, ಯಾವುದನ್ನು ನೀವೇ ಮಾಡಿಕೊಳ್ಳಬೇಕು ಅಂತ ಇದೆ? ಯಾವುದಕ್ಕೆ ನಾನಿದ್ದರೆ ಸರಿ?’ ಎಂದು ಕೇಳಿ ನೋಡಿ. ನಿಧಾನವಾದರೂ ತಾವೇ ಸ್ನಾನ ಮಾಡುತ್ತೇನೆ ಎನ್ನಬಹುದು. ಹಾಗಿದ್ದರೆ ಜಾರದ ಚಾಪೆ, ಹಿಡಿದುಕೊಳ್ಳುವ ಸರಳು, ಕೂರುವ ಸ್ಟೂಲು ಒದಗಿಸಿ ಹೊರಗೆ ನಿಲ್ಲಿ. ಅವಸರದಲ್ಲಿ ನಾವೇ ಎಲ್ಲ ಮಾಡಿಬಿಟ್ಟರೆ ಅವರ ಕಸುವೂ ಹೋಗುತ್ತದೆ, ಮರ್ಯಾದೆಗೂ ಪೆಟ್ಟು. ವಯಸ್ಸಾದವರ ಸ್ನಾಯುಗಳು ಹಾಸಿಗೆಯಲ್ಲೇ ಕಳೆದ ಕೆಲವೇ ದಿನಗಳಲ್ಲಿ ಕ್ಷೀಣಿಸತೊಡಗುತ್ತವೆ. ಡಾಕ್ಟರು ಬೇಡವೆನ್ನದಿದ್ದರೆ ಕುರ್ಚಿಯಲ್ಲಿ ಕೂತು ಊಟ ಮಾಡುವುದೂ ಚಿಕಿತ್ಸೆಯೇ.

ಗಂಭೀರ ಕಾಯಿಲೆಯಿದ್ದರೆ ಇನ್ನೂ ಕಷ್ಟದ ಮಾತೊಂದಿದೆ. ಮುಂದೆ ತಾವೇ ಹೇಳಲಾಗದ ಸ್ಥಿತಿ ಬಂದರೆ ಅವರ ಪರವಾಗಿ ಯಾರು ಮಾತಾಡಬೇಕು, ಎಂಥ ಚಿಕಿತ್ಸೆ ಬೇಕು, ಎಂಥದ್ದು ಬೇಡ? ಅವರ ಬುದ್ಧಿ ನೆಟ್ಟಗಿರುವಾಗಲೇ, ಅವರು ಸಿದ್ಧರಿದ್ದರೆ, ಕೇಳಿ ಬರೆದಿಡಿ. ಇದನ್ನು ಎತ್ತುವುದೇ ಅಪಶಕುನವೆಂದು ಮುಂದೂಡಿದ ಮನೆಗಳಲ್ಲಿ ಅಣ್ಣತಮ್ಮಂದಿರು ತೀವ್ರನಿಗಾ ಘಟಕದ ಬಾಗಿಲಲ್ಲಿ ನಿಂತು ಜಗಳವಾಡುವಂತಾಗುತ್ತದೆ. ಹಾಗೆಯೇ, ನೋವು, ಉಬ್ಬಸ, ಆತಂಕ ತಗ್ಗಿಸುವ ಉಪಶಾಮಕ ಆರೈಕೆ ಕೊನೆಯ ದಿನಗಳಿಗಷ್ಟೇ ಮೀಸಲಲ್ಲ. ಗುಣಪಡಿಸುವ ಚಿಕಿತ್ಸೆಯ ಜೊತೆಜೊತೆಗೇ ಅದನ್ನು ಕೇಳಿ ಪಡೆಯಬಹುದು.

ಹೆಜ್ಜೆ 5: ‘ಸಹಾಯ’ ಕೇಳಬೇಡಿ, ಇಡೀ ಕೆಲಸವನ್ನೇ ಒಪ್ಪಿಸಿ

‘ಏನಾದರೂ ಬೇಕಿದ್ದರೆ ಹೇಳು’ ಎಂದು ಎಲ್ಲರೂ ಮನಸಾರೆ ಹೇಳುತ್ತಾರೆ. ಆದರೆ ಏನು ಬೇಕೆಂದು ಯೋಚಿಸಿ, ಯಾರಿಗೆ ಹೇಳಬೇಕೆಂದು ಲೆಕ್ಕ ಹಾಕಿ, ನೆನಪಿಸಿ, ಆಯಿತೇ ಎಂದು ವಿಚಾರಿಸುವ ಕೆಲಸ ನಿಮ್ಮ ಮೇಲೇ ಉಳಿಯುತ್ತದೆ. ಅದಕ್ಕೆ ಬದಲು ಕೆಲಸವನ್ನು ಬುಡದಿಂದ ತುದಿಯವರೆಗೆ ಕೊಟ್ಟುಬಿಡಿ. ‘ನಾಳೆ ಔಷಧಿ ತರ್ತೀಯಾ?’ ಎಂದು ತಮ್ಮನನ್ನು ಕೇಳುವುದು ಒಂದು ಬಗೆ. ‘ಅಮ್ಮನ ಔಷಧಿ ಇನ್ನು ನಿನ್ನ ಪಾಲು. ಮುಗಿಯುವ ವಾರ ಮೊದಲೇ ನೋಡಿ, ತಂದು, ಡಬ್ಬಿ ತುಂಬಿಸೋದು ನೀನೇ’ ಎನ್ನುವುದು ಇನ್ನೊಂದು. ಎರಡನೆಯದರಲ್ಲಿ ಮಾತ್ರ ನಿಮ್ಮ ತಲೆಯಿಂದ ಒಂದು ವಿಷಯ ನಿಜವಾಗಿ ಇಳಿಯುತ್ತದೆ. ಕೊಟ್ಟ ಮೇಲೆ ಅವರು ಮಾಡುವ ರೀತಿ ನಿಮ್ಮ ರೀತಿಯಂತೆ ಇರದಿರಬಹುದು. ರೋಗಿಗೆ ಅಪಾಯವಿಲ್ಲದಿದ್ದರೆ ಬಿಟ್ಟುಬಿಡಿ.

ಹಂಚುವ ಮೊದಲು ಒಂದು ವಾರ, ಆರೈಕೆಗೆಂದು ಯಾರು ಏನು ಮಾಡಿದರು ಎಂಬುದನ್ನೆಲ್ಲ ಬರೆಯಿರಿ. ಫೋನು ಮಾಡಿದ್ದು, ಸಾಲಿನಲ್ಲಿ ಕಾದದ್ದು, ರಾತ್ರಿ ಎದ್ದದ್ದು, ಹಾಸಿಗೆ ಬದಲಿಸಿದ್ದು ಎಲ್ಲ ಅದರಲ್ಲಿರಲಿ. ಆ ಪಟ್ಟಿ ಇಟ್ಟುಕೊಂಡು ಮನೆಯವರೆಲ್ಲ ಕೂತರೆ ‘ನಾನೊಬ್ಬಳೇ ಸಾಯ್ತಿದ್ದೀನಿ’ ಎಂಬ ಸಿಟ್ಟಿನ ಮಾತಿಗೆ ಆಸ್ಪದ ಕಡಿಮೆ, ಕಾಗದವೇ ಹೇಳುತ್ತದೆ. ಒಡಹುಟ್ಟಿದವರ ನಡುವೆ ಸಮಪಾಲು ಸಾಧ್ಯವಿಲ್ಲದಿರಬಹುದು. ಯಾರ ಕೈಲಿ ಏನಾಗುತ್ತದೋ ಅದನ್ನು ಅವರು ತಪ್ಪದೆ ಮಾಡಿದರೆ ಸಾಕು. ದೂರದಲ್ಲಿರುವ ಅಕ್ಕ ರಾತ್ರಿ ಎದ್ದು ನೀರು ಕೊಡಲಾರಳು, ಆದರೆ ವಿಮೆಯ ಕಾಗದಪತ್ರ, ಡಾಕ್ಟರ ಅಪಾಯಿಂಟ್‌ಮೆಂಟ್, ಬಿಲ್ ಕಟ್ಟುವುದು, ನೆಂಟರಿಗೆ ಸುದ್ದಿ ತಿಳಿಸುವುದು ಇವೆಲ್ಲ ಅವಳಿಂದ ಸಲೀಸು. ವರ್ಷಕ್ಕೆ ಕೆಲವು ದಿನ ಬಂದು ಮನೆ ಪೂರ್ತಿ ವಹಿಸಿಕೊಂಡು ನಿಮ್ಮನ್ನು ಹೊರಗೆ ಕಳಿಸುವುದು ಎಲ್ಲಕ್ಕಿಂತ ದೊಡ್ಡ ಪಾಲು. ಒಂದು ಕೋರಿಕೆ ದೂರದವರಿಗೂ ಇದೆ: ಎರಡು ದಿನಕ್ಕೆಂದು ಬಂದು ಚಿಕಿತ್ಸೆಯನ್ನೆಲ್ಲ ಪ್ರಶ್ನಿಸಿ ಹೊರಡಬೇಡಿ. ಮೊದಲು ಪುಸ್ತಕ ಓದಿ, ಆಮೇಲೆ ಮಾತಾಡಿ.

ಗಂಡಸರಿಗೂ ಇದರಲ್ಲಿ ಪಾಲಿದೆ ಎಂದು ಬಿಡಿಸಿ ಹೇಳಬೇಕಾಗಿರುವುದು ಬೇಸರದ ಸಂಗತಿ. ಮೈ ಒರೆಸುವುದು, ಹಾಸಿಗೆ ಬದಲಿಸುವುದು ಹೆಣ್ಣಿಗೆ ಹುಟ್ಟಿನಿಂದ ಬಂದ ವಿದ್ಯೆಯಲ್ಲ. ಕಲಿತರೆ ಯಾರಿಗಾದರೂ ಬರುತ್ತದೆ. ಡಿಸ್ಚಾರ್ಜ್‌ಗೆ ಮೊದಲು ನರ್ಸ್ ಅಥವಾ ಫಿಸಿಯೋಥೆರಪಿಸ್ಟರಿಂದ ಮಗ್ಗುಲಿಗೆ ಹೊರಳಿಸುವುದು, ಹಾಸಿಗೆಯಿಂದ ಕುರ್ಚಿಗೆ ಕೂರಿಸುವುದನ್ನು ಮನೆಯ ಇಬ್ಬರಾದರೂ ಕೈಯಾರೆ ಮಾಡಿ ಕಲಿಯಿರಿ. ಗೊತ್ತಿಲ್ಲದೆ ಎತ್ತಲು ಹೋಗಿ ನಿಮ್ಮ ಸೊಂಟ ಹಿಡಿದುಕೊಂಡರೆ ಮನೆಯಲ್ಲಿ ಇಬ್ಬರು ರೋಗಿಗಳು. ತಾವಾಗಿ ಹೊರಳಲಾಗದವರನ್ನು ಸುಮಾರು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು ವಾಡಿಕೆ. ಬಳಸುವ ಹಾಸಿಗೆಯನ್ನು ನೋಡಿ ಡಾಕ್ಟರು ಈ ಅಂತರವನ್ನು ಬದಲಿಸಬಹುದು. ಹಿಮ್ಮಡಿ, ಸೊಂಟದ ಕೆಳಭಾಗಗಳಲ್ಲಿ ಬೆರಳಿನಿಂದ ಒತ್ತಿದರೂ ಮಾಸದ ಕೆಂಪು ಅಥವಾ ಕಪ್ಪು ಗುರುತು ಕಂಡರೆ ಹುಣ್ಣಾಗುವ ಮುನ್ಸೂಚನೆ.

ಹೆಜ್ಜೆ 6: ವಾರದಿಂದ ಏನನ್ನು ಕೈಬಿಡುತ್ತೀರಿ?

ಹೊಸ ಕೆಲಸ ಸೇರಿದಾಗ ಹಳೆಯದರಲ್ಲಿ ಏನಾದರೂ ಹೋಗಲೇಬೇಕು. ಅದನ್ನು ನೀವು ಆರಿಸದಿದ್ದರೆ ಹೋಗುವುದು ನಿಮ್ಮ ನಿದ್ದೆ. ವಾರದ ಕೆಲಸಗಳನ್ನು ನೋಡಿ, ತಿಂಗಳೊಪ್ಪತ್ತು ಮಾಡದಿದ್ದರೆ ಯಾರಿಗೂ ಹಾನಿಯಿಲ್ಲದವನ್ನು ಹೊಡೆದುಹಾಕಿ. ಇಸ್ತ್ರಿ, ಪ್ರತಿ ಆಹ್ವಾನಕ್ಕೂ ಹೋಗುವುದು, ಮಕ್ಕಳ ಮೂರನೆಯ ಕ್ಲಾಸು. ಆಸ್ಪತ್ರೆಯ ಭೇಟಿಗಳನ್ನು ಸಾಧ್ಯವಾದಷ್ಟು ಒಂದೇ ದಿನಕ್ಕೆ ಹೊಂದಿಸಿಕೊಡುವಂತೆ ಕೇಳಿ. ರಿಪೋರ್ಟ್ ತೋರಿಸಲಷ್ಟೇ ಹೋಗಬೇಕಿದ್ದರೆ ಫೋನಿನಲ್ಲಿ ಆಗುತ್ತದೆಯೇ ವಿಚಾರಿಸಿ. ಕೆಲಸದ ಜಾಗದಲ್ಲಿ ಮೇಲಿನವರಿಗೆ ವಿಷಯವನ್ನು ಚಿಕ್ಕದಾಗಿ, ಮುಂಚಿತವಾಗಿ ತಿಳಿಸಿ. ‘ಮುಂದಿನ ಎರಡು ತಿಂಗಳು ಬುಧವಾರ ಮಧ್ಯಾಹ್ನ ನಾನಿರುವುದಿಲ್ಲ, ಆ ಹೊತ್ತನ್ನು ಬೆಳಿಗ್ಗೆ ಬೇಗ ಬಂದು ತುಂಬುತ್ತೇನೆ’ ಎಂಬ ಖಚಿತ ಮಾತಿಗೆ ಒಪ್ಪಿಗೆ ಸಿಗುವುದು ಸುಲಭ.

ಹೆಜ್ಜೆ 7: ಮಕ್ಕಳಿಗೆ ನಿಜ ಹೇಳಿ

ಮುಚ್ಚಿಟ್ಟರೂ ಮಕ್ಕಳಿಗೆ ಗೊತ್ತಾಗುತ್ತದೆ, ಪಿಸುಮಾತಿನಿಂದಲೇ ಗೊತ್ತಾಗುತ್ತದೆ. ಆರೇಳು ವರ್ಷದೊಳಗಿನ ಮಕ್ಕಳು ತಾವು ಹಟ ಮಾಡಿದ್ದರಿಂದಲೇ ಅಜ್ಜಿಗೆ ಹೀಗಾಯಿತು ಎಂದು ನಂಬಿಬಿಡುವುದುಂಟು. ಅದಕ್ಕಾಗಿ ಮೂರು ಮಾತು ಅವರಿಗೆ ಬಾಯಿಬಿಟ್ಟು ಹೇಳಬೇಕು: ಇದು ನಿನ್ನಿಂದ ಆದದ್ದಲ್ಲ. ಮುಟ್ಟಿದರೆ ನಿನಗೆ ಬರುವುದಿಲ್ಲ (ಅಂಟುರೋಗವಾಗಿರದಿದ್ದರೆ). ನಾನು ಆಸ್ಪತ್ರೆಯಲ್ಲಿದ್ದಾಗ ನಿನ್ನನ್ನು ಇಂಥವರು ನೋಡಿಕೊಳ್ಳುತ್ತಾರೆ. ಕಾಯಿಲೆಗೆ ಅದರ ಹೆಸರನ್ನೇ ಹೇಳಿ. ‘ನಿದ್ದೆ ಮಾಡ್ತಿದ್ದಾರೆ’, ‘ದೂರ ಹೋಗಿದ್ದಾರೆ’ ಎಂಬ ಸುತ್ತುಮಾತಿನಿಂದ ಮಗು ನಿದ್ದೆಗೇ ಹೆದರತೊಡಗಬಹುದು. ದೊಡ್ಡ ಮಕ್ಕಳಿಗೆ ಸಣ್ಣದೊಂದು ಜವಾಬ್ದಾರಿ ಕೊಡಿ: ಪೇಪರ್ ಓದಿ ಹೇಳುವುದು, ಸಂಜೆ ಜೊತೆಗೆ ನಡೆಯುವುದು. ಆದರೆ ಮಾತ್ರೆ ಕೊಡುವ ಹೊಣೆ, ರಾತ್ರಿ ಕಾಯುವ ಹೊಣೆ ಮಕ್ಕಳದ್ದಾಗಬಾರದು. ದಿನಕ್ಕೆ ಹದಿನೈದು ನಿಮಿಷವಾದರೂ ಕಾಯಿಲೆಯ ಮಾತಿಲ್ಲದೆ ಅವರ ಜೊತೆ ಕೂರಿ.

ಹೆಜ್ಜೆ 8: ತುರ್ತಿನ ಲಕ್ಷಣಗಳು ಎಲ್ಲರಿಗೂ ಬಾಯಿಪಾಠವಾಗಿರಲಿ

ಮುಖ ಒಂದು ಕಡೆಗೆ ಜೋಲುವುದು, ಒಂದು ಕೈ ಎತ್ತಲಾಗದಿರುವುದು, ಮಾತು ತೊದಲುವುದು, ಇವುಗಳಲ್ಲಿ ಒಂದು ದಿಢೀರನೆ ಕಂಡರೂ ಪಾರ್ಶ್ವವಾಯು ಎಂದೇ ತಿಳಿದು ಆಂಬುಲೆನ್ಸ್ ಕರೆಯಿರಿ. ಅವರು ಕೊನೆಯ ಬಾರಿ ಸರಿಯಾಗಿ ಇದ್ದದ್ದು ಎಷ್ಟು ಗಂಟೆಗೆ ಎಂಬುದನ್ನು ಬರೆದುಕೊಳ್ಳಿ. ರಕ್ತದ ಹೆಪ್ಪು ಕರಗಿಸುವ ಔಷಧಿಯನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕಾಗುತ್ತದೆ, ಆದ್ದರಿಂದ ಆಸ್ಪತ್ರೆಯಲ್ಲಿ ಕೇಳುವ ಮೊದಲ ಪ್ರಶ್ನೆಗಳಲ್ಲಿ ಇದೂ ಒಂದು. ಬಾಯಿಗೆ ನೀರು, ಮಾತ್ರೆ ಏನನ್ನೂ ಹಾಕಬೇಡಿ, ನುಂಗುವ ಶಕ್ತಿ ಹೋಗಿರಬಹುದು. ಎದೆ ಹಿಂಡುವ ನೋವು, ಉಸಿರು ಸಾಲದಿರುವುದು, ತಣ್ಣನೆಯ ಬೆವರು ಬಂದರೂ ತಡ ಬೇಡ. ಸಕ್ಕರೆ ಕಾಯಿಲೆಯವರಲ್ಲಿ, ಹೆಂಗಸರಲ್ಲಿ ಹೃದಯಾಘಾತವು ಎದೆನೋವೇ ಇಲ್ಲದೆ ಬರೀ ಸುಸ್ತು, ವಾಕರಿಕೆಯಾಗಿ ಬರುವುದೂ ಉಂಟು.

ಇನ್ನೊಂದನ್ನು ಬಹಳ ಮನೆಗಳು ವಯಸ್ಸಿನ ಮರೆವು ಎಂದುಕೊಂಡು ಸುಮ್ಮನಾಗುತ್ತವೆ. ನಿನ್ನೆ ಸರಿಯಾಗಿದ್ದ ಹಿರಿಯರು ಇಂದು ಗೊಂದಲಗೊಂಡು, ಇಲ್ಲದ್ದನ್ನು ಕಂಡಂತೆ ಮಾತಾಡಿದರೆ, ಅಥವಾ ಮಂಕಾಗಿ ಮಲಗಿಬಿಟ್ಟರೆ ಅದು ಸನ್ನಿ. ಮೂತ್ರದ ಸೋಂಕು, ನಿರ್ಜಲತೆ, ಹೊಸ ಔಷಧಿ ಇದಕ್ಕೆ ಕಾರಣವಾಗಬಹುದು. ಕಾರಣ ಸರಿಪಡಿಸಿದರೆ ಬಹಳಷ್ಟು ಮಂದಿ ಚೇತರಿಸಿಕೊಳ್ಳುತ್ತಾರೆ, ಆದ್ದರಿಂದ ಅಂದೇ ತೋರಿಸಬೇಕು. ಆಸ್ಪತ್ರೆಯಲ್ಲಿರುವಾಗ ಅವರ ಕನ್ನಡಕ, ಶ್ರವಣಯಂತ್ರ ಹತ್ತಿರವಿರಲಿ, ಗಡಿಯಾರ ಕಾಣುತ್ತಿರಲಿ, ಪರಿಚಿತ ಮುಖವೊಂದು ಜೊತೆಗಿರಲಿ. ಇಷ್ಟು ಸಣ್ಣ ಸಂಗತಿಗಳೂ ಸನ್ನಿಯನ್ನು ದೂರವಿಡಲು ನೆರವಾಗುತ್ತವೆ.

ಹೆಜ್ಜೆ 9: ವಿಚಾರಿಸುವವರಿಗೆ ಒಂದೇ ಬಾಗಿಲು

ಸುದ್ದಿ ಹೇಳುವ ಹೊಣೆಯನ್ನು ಮನೆಯ ಒಬ್ಬರಿಗೆ, ರೋಗಿಯ ಪಕ್ಕ ಇರದ ಒಬ್ಬರಿಗೆ ಕೊಡಿ. ಸಂಜೆ ಒಂದು ಸಂದೇಶ ಗುಂಪಿಗೆ ಹೋದರೆ ಹತ್ತು ಫೋನು ತಪ್ಪುತ್ತದೆ. ಏನು ಹೇಳಬಹುದು, ಏನು ಬೇಡ ಎಂಬುದನ್ನು ರೋಗಿಯೇ ತೀರ್ಮಾನಿಸಲಿ. ಅಮೆರಿಕದ ಮನಶ್ಶಾಸ್ತ್ರಜ್ಞೆ ಸೂಸನ್ ಸಿಲ್ಕ್ ಅವರು ಬ್ಯಾರಿ ಗೋಲ್ಡ್‌ಮನ್ ಜೊತೆಗೂಡಿ 2013ರಲ್ಲಿ ಪತ್ರಿಕೆಯೊಂದಕ್ಕೆ ಬರೆದ ಸೂತ್ರ ಇಲ್ಲಿ ಉಪಯೋಗಕ್ಕೆ ಬರುತ್ತದೆ. ನಡುವೆ ರೋಗಿ, ಸುತ್ತ ತೀರಾ ಹತ್ತಿರದವರ ಬಳೆ, ಅದರಾಚೆ ನೆಂಟರು, ಗೆಳೆಯರ ಬಳೆಗಳು. ಒಳಗಿನವರಿಗೆ ಸಾಂತ್ವನ, ನೆರವು ಮಾತ್ರ ಹೋಗಬೇಕು. ಅಳು, ಸಿಟ್ಟು, ದೂರು ಹೊರಗಿನ ಬಳೆಯವರ ಬಳಿ. ಮಾವನ ಸ್ಥಿತಿ ಕಂಡು ನಿಮಗೆ ಆದ ಸಂಕಟವನ್ನು ಅತ್ತೆಯ ಮುಂದೆ ತೋಡಿಕೊಳ್ಳದೆ ಗೆಳತಿಯ ಮುಂದೆ ತೋಡಿಕೊಳ್ಳುವುದು ಎಂದರೆ ಇದೇ.

ಹೆಜ್ಜೆ 10: ನೋಡಿಕೊಳ್ಳುವವರ ಹೆಸರೂ ಪುಸ್ತಕದಲ್ಲಿರಲಿ

1999ರಲ್ಲಿ ರಿಚರ್ಡ್ ಶುಲ್ಜ್ ಮತ್ತು ಸ್ಕಾಟ್ ಬೀಚ್ ಪ್ರಕಟಿಸಿದ ಅಮೆರಿಕದ ಅಧ್ಯಯನವೊಂದು, ಸಂಗಾತಿಯ ಆರೈಕೆಯಿಂದ ಒತ್ತಡಕ್ಕೊಳಗಾದ ಹಿರಿಯರಲ್ಲಿ ನಾಲ್ಕು ವರ್ಷದೊಳಗೆ ಸಾವಿನ ಅಪಾಯ, ಅಂಥ ಆರೈಕೆಯ ಹೊಣೆ ಇಲ್ಲದವರಿಗಿಂತ 63 ಶೇಕಡ ಹೆಚ್ಚಿತ್ತು ಎಂದು ಕಂಡಿತು. ಆರೈಕೆ ಮಾಡುತ್ತಿದ್ದರೂ ಒತ್ತಡ ಅನುಭವಿಸದವರಲ್ಲಿ ಆ ಏರಿಕೆ ಕಾಣಲಿಲ್ಲ. ನನಗೆ ಇದರಲ್ಲಿ ಭರವಸೆ ಕಾಣುತ್ತದೆ. ಒತ್ತಡವನ್ನು ಇಳಿಸಲು ದಾರಿಗಳಿವೆ.

ನಿಮ್ಮ ಸ್ವಂತ ತಪಾಸಣೆ, ಹಲ್ಲಿನ ನೋವು, ನಿಮ್ಮದೇ ಬಿಪಿ ಮಾತ್ರೆ ಇವನ್ನೂ ಅದೇ ಪುಸ್ತಕದ ಕೊನೆಯ ಪುಟದಲ್ಲಿ ತಾರೀಖು ಹಾಕಿ ಬರೆಯಿರಿ. ವಾರದಲ್ಲಿ ಅರ್ಧ ದಿನವಾದರೂ ಬೇರೆಯವರು ನೋಡಿಕೊಳ್ಳುವ ಏರ್ಪಾಡು ಖಾಯಂ ಇರಲಿ. ‘ತೀರಾ ಸುಸ್ತಾದಾಗ ನೋಡೋಣ’ ಎಂದರೆ ಆ ದಿನ ಬರುವ ಹೊತ್ತಿಗೆ ಕೇಳುವ ತ್ರಾಣವೂ ಇರುವುದಿಲ್ಲ. ಮರೆವಿನ ಕಾಯಿಲೆಯವರನ್ನು ನೋಡಿಕೊಳ್ಳುವವರಿಗೆ ಇನ್ನೊಂದು ದುಃಖವೂ ಇರುತ್ತದೆ: ಮನುಷ್ಯ ಎದುರಿಗೇ ಇದ್ದಾರೆ, ಆದರೆ ನಮ್ಮನ್ನು ಗುರುತಿಸುತ್ತಿದ್ದ ಅವರು ಇಲ್ಲ. ಬದುಕಿರುವವರಿಗಾಗಿ ಅಳುವುದು ತಪ್ಪೇನೋ ಎಂದು ಅಳುಕಬೇಡಿ, ಅದೂ ಅಗಲಿಕೆಯ ದುಃಖವೇ.

ರೋಗಿಯ ಮೇಲೆ ಕೈಯೆತ್ತಬೇಕೆನ್ನುವಷ್ಟು ಸಿಟ್ಟು, ಎರಡು ವಾರಕ್ಕೂ ಹೆಚ್ಚು ದಿನ ಹೋಗದ ಮಂಕು, ಮಲಗಿದರೂ ಬಾರದ ನಿದ್ದೆ, ಬದುಕೇ ಬೇಡವೆಂಬ ಯೋಚನೆ ಇವುಗಳಲ್ಲಿ ಯಾವುದು ಕಂಡರೂ ನೀವೇ ಡಾಕ್ಟರ ಬಳಿ ಹೋಗಬೇಕು. ಸಾಯುವ ಯೋಚನೆ ಬಂದರಂತೂ ಅಂದೇ ಹೋಗಿ, ಹತ್ತಿರದ ಒಬ್ಬರಿಗೆ ಆ ಕ್ಷಣವೇ ಹೇಳಿ. ಉಳಿದದ್ದಕ್ಕೆ ಈ ವಾರದಲ್ಲೇ ಒಂದು ದಿನ ಗೊತ್ತುಮಾಡಿ. ಆ ಹೊತ್ತು ಮನೆಯಲ್ಲಿ ಯಾರಿರುತ್ತಾರೆ ಎಂದು ಈಗಲೇ ಫೋನು ಮಾಡಿ ಕೇಳಿ, ಅವರ ಹೆಸರನ್ನು ತಾರೀಖಿನ ಪಕ್ಕ ಬರೆಯಿರಿ.